ಎರಡು ಸೈಕಲ್ಲುಗಳ ನಡುವಿನ ಇತಿಹಾಸ

ಕಳೆದ ಆಯುಧಪೂಜೆಯ ದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆ. ಅಂಗಳದಲ್ಲಿ ತೊಳೆದು ನಿಲ್ಲಿಸಿದ್ದ ಕಾರಿಗಿಂತ ಹೆಚ್ಚಿನ ಆದರ ಅಲ್ಲಿ ಎರಡು ಸೈಕಲ್ಲುಗಳಿಗೆ ದೊರೆತಿತ್ತು. ಒಂದು, ಎಪ್ಪತ್ತು ವರ್ಷಗಳಷ್ಟು ಹಳೆಯದಾದ ಕರಿಯ ರ್‍ಯಾಲೆ ಸೈಕಲ್ಲು. ಇನ್ನೊಂದು, ಒಂದೇ ಕೈಯಲ್ಲಿ ಎತ್ತಬಹುದಾದ ಹೊಸ ಕಾರ್ಬನ್ ಸೈಕಲ್ಲು. ಎರಡಕ್ಕೂ ಅರಿಶಿನ, ಕುಂಕುಮ, ಚೆಂಡುಹೂವಿನ ಮಾಲೆ. "ಒಬ್ಬನಿಗೆ ಎರಡು ಸೈಕಲ್ಲು ಏಕೆಂದು ನೀವಾದರೂ ಕೇಳಿ ಮೇಷ್ಟ್ರೇ" ಎಂದು ಅವನ ತಾಯಿ ದೂರಿದರು. ಅವನು ನಗುತ್ತಾ, "ಸಾರ್, ಇವೆರಡರಲ್ಲಿ ಯಾವುದು ಶ್ರೇಷ್ಠ, ನೀವೇ ಹೇಳಿ" ಎಂದ.

ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡದೆ ಪಾಠ ಆರಂಭಿಸುವುದು ನಮ್ಮಂಥ ಮೇಷ್ಟರುಗಳ ಹಳೆಯ ಚಾಳಿ. ಅಂದು ಆ ಅಂಗಳದಲ್ಲಿ ನಾನು ಹೇಳಿದ್ದನ್ನೂ, ಹೇಳಲಾರದೆ ಉಳಿಸಿಕೊಂಡದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಸೈಕಲ್ಲಿನ ಇತಿಹಾಸವನ್ನು ತಿಳಿಯಲು ಪುಸ್ತಕ ತೆರೆಯಬೇಕಾಗಿಲ್ಲ. ಅದರ ಮೈಯನ್ನು ನೋಡಿದರೆ ಸಾಕು. ಎರಡು ಚಕ್ರಗಳು ಒಂದರ ಹಿಂದೆ ಒಂದು ನಿಂತಿರುವುದೇ ಮೊದಲನೆಯ ಅಧ್ಯಾಯ. 1817ರ ಜೂನ್ ತಿಂಗಳಲ್ಲಿ ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತ ಮರದ ಎರಡು ಚಕ್ರಗಳ ಗಾಡಿಯನ್ನೇರಿ, ಕಾಲಿನಿಂದ ನೆಲವನ್ನು ಒದೆಯುತ್ತಾ ಸವಾರಿ ಹೊರಟ. ಪೆಡಲ್ ಇಲ್ಲ, ಸರಪಳಿ ಇಲ್ಲ. ಆದರೆ ಚಲಿಸುತ್ತಿರುವ ಎರಡು ಚಕ್ರಗಳನ್ನು ಹ್ಯಾಂಡಲಿನಿಂದ ತಿರುಗಿಸುತ್ತಿದ್ದರೆ ಮನುಷ್ಯ ಬೀಳದೆ ಸಾಗಬಲ್ಲ ಎಂಬ ಮಹಾಸತ್ಯ ಅಂದೇ ಪ್ರಕಟವಾಯಿತು. ಸೈಕಲ್ ಕಲಿಯುವ ಪ್ರತಿಯೊಂದು ಮಗುವೂ, ಹಿಂದೆ ಹಿಡಿದುಕೊಂಡಿದ್ದವರು ಕೈಬಿಟ್ಟ ಕ್ಷಣದಲ್ಲಿ, ಅದೇ ಸತ್ಯವನ್ನು ಹೊಸದಾಗಿ ಕಂಡುಕೊಳ್ಳುತ್ತದೆ.

ಎರಡನೆಯ ಅಧ್ಯಾಯ ಪೆಡಲಿನದು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮಿಶೋ ಎಂಬ ಕಮ್ಮಾರನ ಕಾರ್ಖಾನೆಯಿಂದ, ಮುಂದಿನ ಚಕ್ರಕ್ಕೇ ಪೆಡಲ್ ಜೋಡಿಸಿದ ಗಾಡಿಗಳು ಹೊರಬಂದವು. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಆದುದರಿಂದ ವೇಗ ಬೇಕೆಂದರೆ ಚಕ್ರವನ್ನೇ ದೊಡ್ಡದು ಮಾಡಬೇಕು. ಹೀಗೆ 1870ರ ದಶಕದಲ್ಲಿ, ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ ಇರುವ ಆ ವಿಚಿತ್ರ ವಾಹನ ಇಂಗ್ಲೆಂಡಿನಲ್ಲಿ ಮೆರೆಯಿತು. ಹಾದಿಯಲ್ಲಿ ಒಂದು ಕಲ್ಲು ಅಡ್ಡ ಬಂದರೆ ಸವಾರ ತಲೆಕೆಳಗಾಗಿ ಮುಂದಕ್ಕೆ ಬೀಳುತ್ತಿದ್ದ. ಹಾಗಿದ್ದೂ ಥಾಮಸ್ ಸ್ಟೀವನ್ಸ್ ಎಂಬಾತ 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಇಂಥದೊಂದು ಸೈಕಲ್ಲಿನಲ್ಲಿ ಹೊರಟು ಭೂಮಿಯನ್ನೇ ಸುತ್ತಿದ. 1886ರಲ್ಲಿ ನಮ್ಮ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಕಲ್ಕತ್ತೆಯವರೆಗೂ ತುಳಿದ.

ಮೂರನೆಯ ಅಧ್ಯಾಯ ಸರಪಳಿಯದು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಎಂಬ ಸೈಕಲ್ಲನ್ನು ತಯಾರಿಸಿದ. ಎರಡೂ ಚಕ್ರಗಳು ಹೆಚ್ಚುಕಡಿಮೆ ಸಮ, ನಡುವೆ ಪೆಡಲ್, ಅಲ್ಲಿಂದ ಹಿಂದಿನ ಚಕ್ರಕ್ಕೆ ಸರಪಳಿ. ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಮುಂದಿನ ಹಲ್ಲುಚಕ್ರದಲ್ಲಿ 48 ಹಲ್ಲು, ಹಿಂದಿನದರಲ್ಲಿ 18 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಹಿಂದಿನ ಚಕ್ರ ಎರಡೂವರೆಗಿಂತ ಹೆಚ್ಚು ಸುತ್ತು ತಿರುಗುತ್ತದೆ. ಅಂದರೆ 28 ಅಂಗುಲದ ಚಕ್ರ ಸುಮಾರು 75 ಅಂಗುಲದ ಚಕ್ರದ ಕೆಲಸ ಮಾಡುತ್ತದೆ. ಅಷ್ಟು ಎತ್ತರದ ಚಕ್ರವನ್ನೇರಿ ತುಳಿಯಬಲ್ಲ ಉದ್ದ ಕಾಲಿನವರು ಎಲ್ಲಿದ್ದಾರೆ? ಸಾಹಸಿಗಳಿಗೆ ಮಾತ್ರ ಒಲಿಯುತ್ತಿದ್ದ ವಾಹನ, ಸೀರೆ ಉಟ್ಟವರಿಗೂ ಪಂಚೆ ಉಟ್ಟವರಿಗೂ ಒಲಿಯುವಂತಾದದ್ದು ಈ ಸರಪಳಿಯ ದೆಸೆಯಿಂದ.

ಇನ್ನು ಗಾಳಿಯ ಅಧ್ಯಾಯ. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್, ತನ್ನ ಮಗನ ಮೂರು ಚಕ್ರದ ಸೈಕಲ್ಲು ಕುಲುಕುವುದನ್ನು ತಪ್ಪಿಸಲು ಗಾಳಿ ತುಂಬಿದ ರಬ್ಬರ್ ಕೊಳವೆಯನ್ನು ಚಕ್ರಕ್ಕೆ ಸುತ್ತಿದ. ರಾಬರ್ಟ್ ಥಾಮ್ಸನ್ ಎಂಬಾತ 1845ರಲ್ಲಿಯೇ ಇಂಥ ಟೈರಿಗೆ ಹಕ್ಕುಪತ್ರ ಪಡೆದಿದ್ದನೆಂಬುದು ಆಮೇಲೆ ಬೆಳಕಿಗೆ ಬಂದು, ಡನ್ಲಪ್ಪನ ಹಕ್ಕು ಬಿದ್ದುಹೋಯಿತು. ಹೆಸರು ಮಾತ್ರ ಅವನದೇ ಉಳಿಯಿತು.

ಇಷ್ಟನ್ನು ಹೇಳಿ ನನ್ನ ವಿದ್ಯಾರ್ಥಿಗೆ ಅವನ ಎರಡೂ ಸೈಕಲ್ಲುಗಳನ್ನು ತೋರಿಸಿದೆ. ಎರಡರಲ್ಲೂ ಅದೇ ಎರಡು ಚಕ್ರ, ಅದೇ ವಜ್ರಾಕೃತಿಯ ಚೌಕಟ್ಟು, ಅದೇ ಸರಪಳಿ, ಅದೇ ಗಾಳಿ. 1885ರಿಂದ ಈಚೆಗೆ ವಿಮಾನ ಬಂತು, ಗಣಕಯಂತ್ರ ಬಂತು. ಸೈಕಲ್ಲಿನ ಮೂಲರೂಪ ಮಾತ್ರ ಬದಲಾಗಲಿಲ್ಲ. ಮಲಗಿಕೊಂಡು ತುಳಿಯುವ ಸೈಕಲ್ಲಿನಲ್ಲಿ 1933ರಲ್ಲಿ ಫ್ರಾನ್ಸಿಸ್ ಫೋರ್ ಎಂಬಾತ ಒಂದು ಗಂಟೆಯ ಓಟದ ದಾಖಲೆಯನ್ನು ಮುರಿದಾಗ, ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ ಮರುವರ್ಷವೇ ಅಂಥವನ್ನು ಪಂದ್ಯಗಳಿಂದ ಹೊರಗಿಟ್ಟಿತು. ಆ ನಿಯಮವೂ ಹಳೆಯ ರೂಪವನ್ನು ಕಾಯಿತೆನ್ನಬೇಕು.

ಹಾಗಾದರೆ ಹೊಸದರಲ್ಲಿ ಹೊಸದೇನು? ಬಹಳಷ್ಟಿದೆ. ನಮ್ಮ ಕರಿಯ ಸೈಕಲ್ಲು ಇಪ್ಪತ್ತು ಕಿಲೋ ತೂಗಿದರೆ, ಇಂದಿನ ಪಂದ್ಯದ ಸೈಕಲ್ಲು 6.8 ಕಿಲೋಗಿಂತ ಹಗುರವಾಗಿರಬಾರದೆಂದು ಒಕ್ಕೂಟವೇ ಮಿತಿ ಹಾಕಬೇಕಾಗಿ ಬಂದಿದೆ. ಹಳೆಯ ಸರಳಿನ ಬ್ರೇಕು ಮಳೆಯಲ್ಲಿ ಎಷ್ಟು ನಂಬಿಕಸ್ಥವೆಂಬುದನ್ನು ನನ್ನ ಮೊಣಕಾಲಿನ ಗಾಯದ ಗುರುತು ಇಂದಿಗೂ ಹೇಳುತ್ತದೆ. ಹೊಸ ಡಿಸ್ಕ್ ಬ್ರೇಕಿಗೆ ಎರಡು ಬೆರಳು ಸಾಕು. ಹಳೆಯದೆಲ್ಲ ಚಿನ್ನ ಎನ್ನುವವನು ನಾನಲ್ಲ. ಆದರೆ ಹಳೆಯ ಸೈಕಲ್ಲನ್ನು ಬಿಚ್ಚಲು ನಾಲ್ಕು ಪಾನಾಗಳು ಸಾಕಾಗಿದ್ದವು. ಹೊಸದರಲ್ಲಿ ಗೇರು ಬದಲಿಸಲು ವಿದ್ಯುತ್ತಿನ ಮೋಟಾರು, ಅದಕ್ಕೊಂದು ಬ್ಯಾಟರಿ. ನಮ್ಮೂರಿನ ಸೈಕಲ್ ಷಾಪಿನವನು ಅದನ್ನು ಮುಟ್ಟಲು ಅಂಜುತ್ತಾನೆ.

ಹಳೆಯ ಸೈಕಲ್ಲುಗಳ ಮೇಲಿನ ಪ್ರೀತಿ ನಮ್ಮಲ್ಲಿ ಮಾತ್ರ ಇರುವ ಹುಚ್ಚಲ್ಲ. ಬ್ರಿಟನ್ನಿನಲ್ಲಿ ಪುರಾತನ ಸೈಕಲ್ಲುಗಳ ಸಂಘವೊಂದು 1955ರಲ್ಲಿಯೇ ಸ್ಥಾಪನೆಯಾಯಿತು. ಇಟಲಿಯ ಟಸ್ಕನಿ ಪ್ರಾಂತ್ಯದ ಗಾಯೋಲೆ ಎಂಬ ಊರಿನಲ್ಲಿ 1997ರಲ್ಲಿ 'ಎರೋಯಿಕ' ಎಂಬ ಯಾತ್ರೆ ಆರಂಭವಾಯಿತು. ಅಲ್ಲಿಗೆ 1987ಕ್ಕಿಂತ ಹಿಂದಿನ ಮಾದರಿಯ ಸೈಕಲ್ಲುಗಳಿಗೆ ಮಾತ್ರ ಪ್ರವೇಶ. ಡಾಂಬರು ಕಾಣದ ಬಿಳಿ ಮಣ್ಣಿನ ರಸ್ತೆಗಳಲ್ಲಿ ಆ ಹಳೆಯ ಗಾಡಿಗಳನ್ನು ದಿನವಿಡೀ ತುಳಿಯಬೇಕು. ಆ ಮಣ್ಣಿನ ರಸ್ತೆಗಳನ್ನು ಉಳಿಸಿಕೊಳ್ಳುವುದೂ ಆ ಯಾತ್ರೆಯ ಉದ್ದೇಶವಾಗಿತ್ತು. ನನಗೆ ಮೆಚ್ಚುಗೆಯಾದ ಸಂಗತಿಯೆಂದರೆ, ಅವರು ಹಳೆಯದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೈಮುಗಿಯುವುದಿಲ್ಲ. ಬೆವರು ಸುರಿಸಿ ಬಳಸುತ್ತಾರೆ.

ನಮ್ಮ ದೇಶದಲ್ಲಿ ಈ ಕಥೆಗೆ ಬೇರೆಯ ಬಣ್ಣವಿದೆ. ನಮ್ಮ ಹಿರಿಯರಿಗೆ ಸೈಕಲ್ಲು ಹವ್ಯಾಸವಾಗಿರಲಿಲ್ಲ. ಅದು ಮನೆಯ ಆಸ್ತಿ. ಫ್ರಾಂಕ್ ಬೌಡನ್ ಎಂಬ ಶ್ರೀಮಂತ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ, ರ್‍ಯಾಲೆ ಬೀದಿಯ ಒಂದು ಸಣ್ಣ ಕಾರ್ಖಾನೆಯನ್ನು ಕೊಂಡು ಬೆಳೆಸಿದ ಸಂಸ್ಥೆಯೇ ರ್‍ಯಾಲೆ. ಬೀದಿಯ ಹೆಸರೇ ಸೈಕಲ್ಲಿನ ಹೆಸರಾಯಿತು. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೀಪತ್ತಿನಲ್ಲಿ ಅಟ್ಲಾಸ್, 1952ರಲ್ಲಿ ಬಂಗಾಳದ ಆಸನ್‌ಸೋಲಿನಲ್ಲಿ ಸೆನ್-ರ್‍ಯಾಲೆ, 1956ರಲ್ಲಿ ಲೂಧಿಯಾನದಲ್ಲಿ ಹೀರೋ, ಹೀಗೆ ಒಂದೊಂದಾಗಿ ಕಾರ್ಖಾನೆಗಳು ಎದ್ದವು. 1986ರ ಹೊತ್ತಿಗೆ ಜಗತ್ತಿನಲ್ಲಿಯೇ ಅತಿ ಹೆಚ್ಚು ಸೈಕಲ್ಲು ತಯಾರಿಸುವ ಸಂಸ್ಥೆಯೆಂಬ ಗಿನ್ನೆಸ್ ದಾಖಲೆ ಲೂಧಿಯಾನದ ಪಾಲಾಯಿತು. ಇತ್ತ ನಾಟಿಂಗ್‌ಹ್ಯಾಮಿನ ರ್‍ಯಾಲೆ ಕಾರ್ಖಾನೆ 2002ರಲ್ಲಿ ಕೆಲಸ ನಿಲ್ಲಿಸಿತು. ಆಸನ್‌ಸೋಲಿನದು ಎಂದೋ ಮುಚ್ಚಿಹೋಗಿದೆ. ಅಟ್ಲಾಸ್ ಸಂಸ್ಥೆ ಸಾಹಿಬಾಬಾದಿನ ತನ್ನ ಕಾರ್ಖಾನೆಯಲ್ಲಿ ಉತ್ಪಾದನೆ ನಿಲ್ಲಿಸಿದ್ದು 2020ರ ಜೂನ್ 3ರಂದು. ಅಂದು ವಿಶ್ವ ಸೈಕಲ್ ದಿನ! ಇತಿಹಾಸಕ್ಕೆ ಇಂಥ ಕ್ರೂರ ಹಾಸ್ಯಗಳೂ ಗೊತ್ತು.

ಈಗ ಅಂದು ಹೇಳಲಾರದೆ ಉಳಿಸಿಕೊಂಡ ಮಾತಿಗೆ ಬರುತ್ತೇನೆ.

ನಮ್ಮ ತಂದೆಯವರಿಗೂ ಒಂದು ರ್‍ಯಾಲೆ ಸೈಕಲ್ಲಿತ್ತು. ಪೆಡಲಿನ ಹಲ್ಲುಚಕ್ರದಲ್ಲಿ ಕೊಕ್ಕರೆಯ ಆಕೃತಿ ಕೊರೆದಿತ್ತು. ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಪೆಡಲನ್ನು ಕೈಯಿಂದ ತಿರುಗಿಸಿ, ಕೊಕ್ಕರೆಗಳು ಸುತ್ತುವುದನ್ನು ನೋಡುವುದು ನನ್ನ ಬಾಲ್ಯದ ಸಿನಿಮಾ. ಪುರಸಭೆಗೆ ವರುಷಕ್ಕೊಮ್ಮೆ ಹಣ ಕಟ್ಟಿ ತರುತ್ತಿದ್ದ ಲೈಸೆನ್ಸಿನ ಬಿಲ್ಲೆ, ಕತ್ತಲಾದರೆ ದೀಪವಿಲ್ಲದವರನ್ನು ಹಿಡಿಯುವ ಪೊಲೀಸಿನವರ ಭಯ, ಭಾನುವಾರದ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಕಡ್ಡಿ ಕಡ್ಡಿಯನ್ನೂ ಒರೆಸುವ ತಂದೆ. ನಾನು ಒಳಪೆಡಲ್ ತುಳಿದು ಸವಾರಿ ಕಲಿತದ್ದು ಅದರಲ್ಲಿಯೇ. ಬಿ.ಎಡ್. ಮುಗಿಸಿ ಮೊದಲ ನೌಕರಿಗೆ ಹೋದದ್ದೂ ಅದರ ಮೇಲೆಯೇ.

1989ರಲ್ಲಿ ನಾನು ಸ್ಕೂಟರ್ ಕೊಂಡೆ. ಜಗಲಿಯಲ್ಲಿ ಜಾಗ ಸಾಲದೆಂದು ಆ ಸೈಕಲ್ಲನ್ನು ಗುಜರಿಯವನಿಗೆ ನೂರ ಇಪ್ಪತ್ತು ರೂಪಾಯಿಗೆ ಕೊಟ್ಟುಬಿಟ್ಟೆ. ತಂದೆಯವರು ಬೇಡವೆನ್ನಲಿಲ್ಲ. ಒಳಗೆ ಹೋಗಿ, ಪಂಪನ್ನೂ ಪಾನಾಗಳ ಚೀಲವನ್ನೂ ತಂದು, "ಇವೂ ಅದರದೇ" ಎಂದು ಗುಜರಿಯವನ ಕೈಗಿತ್ತರು. ಆ ನಾಲ್ಕು ಪಾನಾಗಳ ಬಗ್ಗೆ ನಾನು ಮೇಲೆ ಬರೆದದ್ದು ಪುಸ್ತಕದ ಜ್ಞಾನವಲ್ಲ.

ಅವರಿಗೆ ಆದದ್ದೇನೆಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ. 2006–07ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ನಮ್ಮ ಪ್ರೌಢಶಾಲೆಗೆ ನಾಲ್ಕೈದು ಮೈಲಿ ನಡೆದು ಬರುತ್ತಿದ್ದ ಹೆಣ್ಣುಮಕ್ಕಳಿಗೆ ಸೈಕಲ್ಲು ಬಂತು. ಎಲ್ಲವೂ ಒಂದೇ ಬಣ್ಣ, ಒಂದೇ ಅಚ್ಚು. ಒಂದು ವಾರದೊಳಗೆ ಯಾವುದೂ ಇನ್ನೊಂದರಂತೆ ಉಳಿಯಲಿಲ್ಲ. ಒಂದಕ್ಕೆ ರಿಬ್ಬನ್ನು, ಇನ್ನೊಂದರ ಕಡ್ಡಿಗಳಿಗೆ ಬಣ್ಣದ ಮಣಿ, ಮತ್ತೊಂದರ ಮಡ್‌ಗಾರ್ಡಿನ ಮೇಲೆ ಊರದೇವತೆಯ ಹೆಸರು. ಮಳೆ ಬಂದಾಗ ಒಬ್ಬ ಹುಡುಗಿ ತನ್ನ ತಲೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ತೆಗೆದು ಸೀಟಿಗೆ ಹೊದಿಸಿದ್ದನ್ನು ಕಿಟಕಿಯಿಂದ ಕಂಡೆ. ಪಾಠ ಮಾಡುತ್ತಿದ್ದವನು ಒಂದು ಕ್ಷಣ ನಿಂತೆ. ಭಾನುವಾರದ ಎಣ್ಣೆಬಟ್ಟೆಯ ನೆನಪಾಯಿತು.

ಸೈಕಲ್ಲಿನ ಯಂತ್ರ ಬೇರೆಲ್ಲೂ ಇಲ್ಲ; ಅದು ಸವಾರನ ಮೈಯೇ. ನಡಿಗೆಗಿಂತ ಕಡಿಮೆ ಶಕ್ತಿಯಲ್ಲಿ ಹೆಚ್ಚು ದೂರ ಸಾಗಬಹುದಾದ ಈ ಸಾಧನ, ತುಳಿಯುವವನಿಲ್ಲದೆ ಕೇವಲ ಕಬ್ಬಿಣ. ಅದಕ್ಕೇ ಇರಬೇಕು, ಅದನ್ನು ಬಳಸಿದವರು ಅದನ್ನು ತಮ್ಮದೊಂದು ಅಂಗದಂತೆ ಕಾಣುತ್ತಾರೆ. ಉಕ್ಕಿನದಾಗಲಿ, ಕಾರ್ಬನ್ನಿನದಾಗಲಿ, ಸರ್ಕಾರದ್ದಾಗಲಿ ಈ ಮಾತು ಒಂದೇ.

"ಯಾವುದು ಶ್ರೇಷ್ಠ ಸಾರ್?" ಎಂದು ಅವನು ಮತ್ತೆ ಕೇಳಿದ. "ಇವತ್ತು ತುಳಿದದ್ದು ಯಾವುದೋ ಅದು" ಎಂದೆ. ಅವನು ಕರಿಯ ಸೈಕಲ್ಲಿನ ಮಾಲೆಯನ್ನು ತೆಗೆದು, "ಹಾಗಾದರೆ ಒಂದು ಸುತ್ತು ಹೋಗಿಬನ್ನಿ" ಎಂದು ಹ್ಯಾಂಡಲನ್ನು ನನ್ನ ಕೈಗೆ ಕೊಟ್ಟ. ಅರವತ್ತು ದಾಟಿದ ಕಾಲು ಮೊದಲು ಅಳುಕಿತು. ಆಮೇಲೆ ಪೆಡಲಿನ ಮೇಲೆ ನಿಂತಿತು. ಬೀದಿಯ ತುದಿಯವರೆಗೂ ಹೋಗಿಬಂದೆ. ಕೆಳಗೆ ಕೊಕ್ಕರೆಗಳು ಸುತ್ತುತ್ತಿದ್ದವು.

ನಿಮ್ಮ ಮನೆಯ ಅಟ್ಟದಲ್ಲಿಯೋ ಹಿತ್ತಿಲಿನಲ್ಲಿಯೋ ಹಳೆಯ ಸೈಕಲ್ಲೊಂದಿದ್ದರೆ, ಗುಜರಿಯವನು ಕೂಗುವ ಮುನ್ನ ಒಮ್ಮೆ ಅದಕ್ಕೆ ಗಾಳಿ ಹೊಡೆದು ನೋಡಿ.