ರಾಯಲ್ ಐಸಿಂಗ್‌ನಲ್ಲಿ ನೀರಿನ ಲೆಕ್ಕ: ಶರತ್ಕಾಲದ ಕುಕೀಗಳ ಮೊದಲ ಅಲಂಕಾರ ಕುರಿತು ಒಂದು ಟಿಪ್ಪಣಿ

ಉತ್ತರ ಅಮೆರಿಕದಲ್ಲಿ ಮೇಪಲ್ ಮರಗಳು ಬಣ್ಣ ತಿರುಗುವ ಹೊತ್ತಿಗೆ ಮನೆಗಳ ಅಡುಗೆಕಟ್ಟೆಯ ಮೇಲೆ ಎಲೆ, ಓಕ್ ಕಾಯಿ, ಕುಂಬಳಕಾಯಿ ಆಕಾರದ ಕುಕೀ ಅಚ್ಚುಗಳು ಬಂದು ಕೂರುತ್ತವೆ. ಅಕ್ಟೋಬರ್‌ನ ಎರಡನೇ ಸೋಮವಾರ ಕೆನಡಾದ ಥ್ಯಾಂಕ್ಸ್‌ಗಿವಿಂಗ್, ಅದೇ ತಿಂಗಳ 31ಕ್ಕೆ ಹ್ಯಾಲೋವೀನ್, ನವೆಂಬರ್‌ನ ನಾಲ್ಕನೇ ಗುರುವಾರ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್. ರಾಯಲ್ ಐಸಿಂಗ್‌ಗೆ ಮೊದಲ ಬಾರಿ ಕೈಹಚ್ಚುವವರಲ್ಲಿ ಹಲವರು ಈ ದಿನಗಳಲ್ಲೇ ಶುರುಮಾಡುತ್ತಾರೆ. ಎಲೆಯಿಂದ ಆರಂಭಿಸಿ, ಎಲೆ ಸುಲಭ ಎಂಬ ಸಲಹೆ ಅವರಿಗೆ ಸಾಮಾನ್ಯವಾಗಿ ಸಿಗುತ್ತದೆ. ಆ ಸಲಹೆ ಎಷ್ಟರಮಟ್ಟಿಗೆ ಸರಿ ಎಂದು ನೋಡುವುದು ಈ ಟಿಪ್ಪಣಿಯ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಹೊಸಬರಿಗೆ ಎದುರಾಗುವ ತೊಂದರೆಗಳಲ್ಲಿ ಬಹುಪಾಲು ನೀರಿನಿಂದ ಬಂದವು, ಶರತ್ಕಾಲದ ಗಾಢ ಬಣ್ಣಗಳು ಅವನ್ನು ಇನ್ನಷ್ಟು ಹೆಚ್ಚಿಸುತ್ತವೆ.

ರಾಯಲ್ ಐಸಿಂಗ್ ಎಂದರೆ ನುಣ್ಣಗೆ ಪುಡಿಮಾಡಿದ ಸಕ್ಕರೆ, ಮೊಟ್ಟೆಯ ಬಿಳಿಭಾಗ, ತುಸು ನಿಂಬೆರಸ ಅಥವಾ ಕ್ರೀಮ್ ಆಫ್ ಟಾರ್ಟರ್. ಒಲೆ ಹಚ್ಚುವ ಪ್ರಮೇಯವೇ ಇಲ್ಲ. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚು ಬಿಸಿ ಪಾಕ ತಣಿಯುವಾಗ ಹರಳುಗಟ್ಟಿ ಆಗುವಂಥದ್ದು. ಇಲ್ಲಿ ಎಲ್ಲವೂ ತಣ್ಣಗೇ ನಡೆಯುತ್ತದೆ. ಈ ಹೆಸರು 1840ರಲ್ಲಿ ನಡೆದ ವಿಕ್ಟೋರಿಯಾ ರಾಣಿಯ ಮದುವೆಯ ಕೇಕಿನಿಂದ ಬಂತೆಂದು ಜನ ಹೇಳುವುದುಂಟು. ಆದರೆ ಲಂಡನ್ನಿನಲ್ಲಿ 1770ರಲ್ಲಿ ಅಚ್ಚಾದ ಬೊರೆಲ್ಲಾನ ಮಿಠಾಯಿ ಪುಸ್ತಕದಲ್ಲೇ ಅದು ಸಿಗುವುದರಿಂದ ಆ ಮಾತು ನಿಲ್ಲುವುದಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಮೊಟ್ಟೆಯ ಬಿಳಿಭಾಗ ಸುಮಾರು 30 ಗ್ರಾಂ ತೂಗುತ್ತದೆ. ಅದರಲ್ಲಿ ಶೇ. 88ರಷ್ಟು, ಅಂದರೆ 26 ಗ್ರಾಂಗಿಂತ ತುಸು ಹೆಚ್ಚು, ನೀರು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರು ತನ್ನ ತೂಕದ ಎರಡರಷ್ಟು ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಹಾಗಾಗಿ ಒಂದು ಮೊಟ್ಟೆಯ ಬಿಳಿಯಲ್ಲಿ ಕರಗುವ ಸಕ್ಕರೆ 53 ಗ್ರಾಂ ಆಸುಪಾಸು. ಬೇಕರಿಯವರು ಹಾಕುವುದಾದರೋ 200ರಿಂದ 250 ಗ್ರಾಂ. ಮುಕ್ಕಾಲು ಪಾಲು ಸಕ್ಕರೆ ಕರಗದೆ, ಕಣ್ಣಿಗೆ ಕಾಣದ ಕಣಗಳಾಗಿ ಪಾಕದಲ್ಲಿ ತೇಲುತ್ತಿರುತ್ತದೆ. ಐಸಿಂಗ್ ಗಟ್ಟಿಯೋ ತೆಳುವೋ ಎಂಬುದನ್ನು ತೀರ್ಮಾನಿಸುವುದು ಈ ಕಣಗಳಿಗೂ ಪಾಕಕ್ಕೂ ಇರುವ ಅನುಪಾತ. ಒಂದು ಟೀ ಚಮಚ, ಅಂದರೆ 5 ಗ್ರಾಂ ನೀರು ಬೆರೆಸಿದಿರೆನ್ನಿ. ಅದು 10 ಗ್ರಾಂ ಸಕ್ಕರೆಯನ್ನು ಕರಗಿಸಿಕೊಂಡು 15 ಗ್ರಾಂ ಪಾಕವಾಗುತ್ತದೆ. ಪಾಕ ಐದನೇ ಒಂದು ಪಾಲಿನಷ್ಟು ಹೆಚ್ಚಿತು, ಅತ್ತ ಕಣಗಳೂ ಕಡಿಮೆಯಾದವು. ಒಂದೇ ಚಮಚಕ್ಕೆ ಎರಡು ಕಡೆಯಿಂದಲೂ ಐಸಿಂಗ್ ಸಡಿಲವಾಗುವುದು ಹೀಗೆ. ಚಪಾತಿ ಹಿಟ್ಟಿಗೆ ನೀರು ಹಾಕಿ ಅಭ್ಯಾಸವಾದ ಕೈ ಇಲ್ಲಿ ಎಡವುವುದು ಸಹಜ. ನೀರನ್ನು ತೊಟ್ಟುತೊಟ್ಟಾಗಿಯೇ ಸೇರಿಸಬೇಕು, ಸೇರಿಸಿದ ಮೇಲೆ ಸಕ್ಕರೆ ಕರಗಲು ಒಂದೆರಡು ನಿಮಿಷ ಬಿಟ್ಟು ಆಮೇಲೆ ಹದ ನೋಡಬೇಕು.

ಹದ ನೋಡಲು ಅನುಭವಿಗಳು ಬಳಸುವ ಕ್ರಮ ಬಹಳ ಚೆನ್ನಾಗಿದೆ. ಬಟ್ಟಲಿನ ಐಸಿಂಗ್ ಮೇಲೆ ಚಾಕುವಿನಿಂದ ಒಂದು ಗೆರೆ ಎಳೆದು, ಅದು ಮುಚ್ಚಿಕೊಳ್ಳಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸುತ್ತಾರೆ. ಹತ್ತು ಸೆಕೆಂಡಿನೊಳಗೆ ಮುಚ್ಚಿಕೊಂಡರೆ ಕುಕೀಯ ಅಂಚಿನಿಂದ ಹರಿದು ಕೆಳಗಿಳಿಯುತ್ತದೆ. ಇಪ್ಪತ್ತು ದಾಟಿದರೆ ಹರಡದೆ ಗುಡ್ಡೆಯಾಗಿ ಉಳಿಯುತ್ತದೆ. ಅಂಚು ಬರೆಯಲು ಗಟ್ಟಿ, ಒಳಗೆ ತುಂಬಲು ತೆಳು ಎಂದು ಎರಡು ಹದ ಮಾಡಿಕೊಳ್ಳುವುದು ರೂಢಿ. ಮೊದಲ ಸಲಕ್ಕೆ ಹದಿನೈದು ಸೆಕೆಂಡಿನ ಒಂದೇ ಹದ ಸಾಕು ಎಂಬುದು ನನ್ನ ಅಭಿಪ್ರಾಯ. ಅಂಚಿಗೂ ಒಳಕ್ಕೂ ಅದೇ ನಡೆಯುತ್ತದೆ, ಎರಡರ ನಡುವೆ ಗೆರೆಯೂ ಕಾಣದು. ಒಂದೂವರೆ ಮಿಲಿಮೀಟರಿನಷ್ಟು ಬಾಯಿಯ ಎರಡನೇ ನಂಬರ್ ನಾಝಲ್ ಇದಕ್ಕೆ ಹೊಂದುತ್ತದೆ. ಮೆಹಂದಿ ಕೋನ್ ಹಿಡಿದವರಿಗೆ ಈ ಕೆಲಸ ಬೇಗ ಒಲಿಯುತ್ತದೆ: ತುದಿಯನ್ನು ಕುಕೀಗೆ ಒತ್ತದೆ ತುಸು ಮೇಲೆತ್ತಿ ಹಿಡಿದು, ಎಳೆಯನ್ನು ತಾನಾಗಿ ಇಳಿಯಬಿಡಬೇಕು.

ಐಸಿಂಗ್ ಒಣಗುವುದೆಂದರೆ ಹಾಕಿದ ನೀರು ಹೊರಟುಹೋಗುವುದು. ನೀರು ಆರುತ್ತಿದ್ದಂತೆ ಪಾಕದಲ್ಲಿದ್ದ ಸಕ್ಕರೆ ಹರಳಾಗಿ, ಕಣವನ್ನು ಕಣಕ್ಕೆ ಬೆಸೆಯುತ್ತದೆ. ಈ ಕೆಲಸ ಪೂರ್ತಿಯಾಗಲು ಎಂಟರಿಂದ ಹನ್ನೆರಡು ಗಂಟೆ ಬೇಕು. ಗಾಳಿಯ ತೇವ ಶೇ. 85 ದಾಟಿದರೆ ಸಕ್ಕರೆ ತಾನೇ ನೀರನ್ನು ಎಳೆದುಕೊಳ್ಳತೊಡಗುತ್ತದೆ. ಹೀಟರ್ ಹಾಕಿದ ಟೊರಾಂಟೋದ ಮನೆಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ಒಣಗುವ ಐಸಿಂಗ್ ಅದೇ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ಅಂಟುಅಂಟಾಗಿಯೇ ಉಳಿದರೆ, ತಯಾರಿಸಿದವರ ತಪ್ಪು ಹುಡುಕಬೇಕಾಗಿಲ್ಲ.

ಎಲೆಯ ಆಕಾರದ ಪ್ರಶ್ನೆ ಬರುವುದು ಇಲ್ಲಿ. ಕಿರಿದಾದ ಜಾಗದಲ್ಲಿ ತೆಳು ಐಸಿಂಗ್ ತುಂಬಿದರೆ ಒಣಗುವಾಗ ಮೇಲ್ಪದರ ಕುಸಿದು ಗುಳಿ ಬೀಳುತ್ತದೆ. ಮೇಪಲ್ ಎಲೆಯ ಚೂಪು ತುದಿಗಳೂ ತೊಟ್ಟೂ ಇಂಥ ಕಿರಿದಾದ ಜಾಗಗಳೇ. ಓಕ್ ಎಲೆಯ ದುಂಡು ಹಾಲೆಗಳು, ಕುಂಬಳಕಾಯಿಯ ಅಗಲ ಮೈ ಇದಕ್ಕಿಂತ ಎಷ್ಟೋ ಅನುಕೂಲ. 1965ರಿಂದ ಕೆನಡಾದ ಧ್ವಜದ ಮೇಲಿರುವ ಮೇಪಲ್ ಎಲೆಯ ಆಕರ್ಷಣೆ ದೊಡ್ಡದೇ, ಆದರೂ ಮೊದಲ ಅಚ್ಚಾಗಿ ನಾನು ಓಕನ್ನೇ ಸೂಚಿಸುತ್ತೇನೆ. ಮೇಪಲ್ಲೇ ಬೇಕೆಂದರೆ ತುದಿಗಳಿಗೆ ಗಟ್ಟಿ ಹದದ ಐಸಿಂಗ್ ಹಾಕಿ, ಫ್ಯಾನ್ ಗಾಳಿಗಿಟ್ಟು ಮೇಲ್ಪದರ ಬೇಗ ಕಟ್ಟುವಂತೆ ಮಾಡುವುದು ಒಳ್ಳೆಯದು. ಹೊಳಪೂ ಹೆಚ್ಚು ಬರುತ್ತದೆ.

ಎಲೆ ಸುಲಭ ಎನ್ನುವವರ ಮಾತಿನಲ್ಲಿ ಸತ್ಯವೂ ಇದೆ, ಅದು ಬಣ್ಣಗಳ ಬೆರಕೆಗೆ ಸಂಬಂಧಿಸಿದ್ದು. ಚಳಿ ಹತ್ತಿರವಾದಂತೆ ಎಲೆಯ ಕ್ಲೋರೋಫಿಲ್ ಒಡೆದುಹೋಗಿ, ಮೊದಲಿಂದಲೂ ಅಡಗಿದ್ದ ಕ್ಯಾರೊಟಿನಾಯ್ಡ್‌ಗಳ ಹಳದಿ, ಕಿತ್ತಳೆ ಮೇಲೆ ಬರುತ್ತವೆ. ಮೇಪಲ್‌ನ ಕೆಂಪು ಮಾತ್ರ ಆಗ ಹೊಸದಾಗಿ ಹುಟ್ಟುವ ಆಂಥೊಸಯನಿನ್‌ನದು. ಹಗಲು ಬಿಸಿಲು, ರಾತ್ರಿ ಚಳಿ ಇದ್ದಾಗ ಎಲೆಯಲ್ಲೇ ಉಳಿದುಬಿಡುವ ಸಕ್ಕರೆ ಅದಕ್ಕೆ ಮೂಲ. ಸಕ್ಕರೆಯಿಂದ ಕೆಂಪಾದ ಎಲೆಯನ್ನು ಸಕ್ಕರೆಯಲ್ಲೇ ಬರೆಯುವ ಈ ಕೆಲಸ ನನಗೆ ಪ್ರಿಯವಾಗಲು ಇದೂ ಒಂದು ಕಾರಣ. ಮರದ ಮೇಲೆ ಈ ಬಣ್ಣಗಳು ಗೆರೆ ಕೊಯ್ದಂತೆ ಬೇರೆಯಾಗಿರುವುದಿಲ್ಲ, ಒಂದರೊಳಗೊಂದು ಕಲೆಸಿರುತ್ತವೆ. ಹಳದಿ ಐಸಿಂಗ್ ಹಸಿಯಿರುವಾಗಲೇ ಅಂಚಿಗೆ ಕಿತ್ತಳೆ, ಕೆಂಪು ಎಳೆ ಬಿಟ್ಟು ಟೂತ್‌ಪಿಕ್‌ನಿಂದ ಒಳಕ್ಕೆಳೆದರೆ, ಅಳುಕುವ ಕೈಯಿಂದಲೂ ನಂಬುವಂಥ ಎಲೆ ಮೂಡುತ್ತದೆ.

ಸಮಸ್ಯೆ ಗಾಢ ಕಂದು, ಮರೂನ್, ಕಡುಗೆಂಪಿನದು. ಈ ಛಾಯೆ ಬರಲು ಜೆಲ್ ಬಣ್ಣ ಬಹಳ ಬೇಕು, ಜೆಲ್‌ನಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಅಥವಾ ಗ್ಲೂಕೋಸ್ ಸಿರಪ್ ಇರುತ್ತದೆ. ಇವು ತೇವ ಹಿಡಿದಿಡುವ ವಸ್ತುಗಳು. ಕೇಕಿನ ಐಸಿಂಗ್ ಕಲ್ಲಾಗದೆ ಚಾಕುವಿಗೆ ಬಗ್ಗಲೆಂದು ಬ್ರಿಟನ್ನಿನವರು ಬೇಕೆಂದೇ ಗ್ಲಿಸರಿನ್ ಹಾಕುತ್ತಾರೆ. ಕುಕೀಯಲ್ಲಿ ಅದೇ ಗುಣ ತೊಂದರೆ ಕೊಡುತ್ತದೆ. ಕಡು ಬಣ್ಣ ನಿಧಾನ ಒಣಗುತ್ತದೆ, ಅಷ್ಟರಲ್ಲಿ ನೀರಿನ ಜತೆ ಪಕ್ಕದ ಬಿಳಿಗೆ ಹಬ್ಬುತ್ತದೆ. ಬಣ್ಣವನ್ನು ಒಂದು ಛಾಯೆ ತಿಳಿಯಾಗಿಯೇ ಕಲೆಸಿ, ಮುಚ್ಚಿ ಕೆಲವು ಗಂಟೆ ಇಡುವುದು ಇದಕ್ಕೆ ಉಪಾಯ. ಇಟ್ಟಷ್ಟೂ ಬಣ್ಣ ಗಾಢವಾಗುತ್ತದೆ, ಒಣಗಿದ ಮೇಲೆ ಇನ್ನೂ ಸ್ವಲ್ಪ. ಇಂಥ ಕಡು ಬಣ್ಣ ಪೂರ್ತಿ ಆರಿದ ಮೇಲೆಯೇ ಪಕ್ಕದ್ದನ್ನು ಹಾಕಬೇಕು.

ಗಿಡಮೂಲದ ಬಣ್ಣ ಬಳಸುವವರು ಇನ್ನೊಂದು ಸಂಗತಿ ಗಮನಿಸಬೇಕು. ಮೊಟ್ಟೆಯ ಬಿಳಿ ಕ್ಷಾರೀಯ, ಇಟ್ಟಷ್ಟೂ ಅದರ ಪಿಎಚ್ 9ರ ಕಡೆಗೆ ಏರುತ್ತದೆ. ಅದರಲ್ಲಿ ಕೆಂಪು ಎಲೆಕೋಸಿನ ಬಣ್ಣ ನೀಲಿ, ಹಸಿರಿಗೆ ತಿರುಗುತ್ತದೆ. ಅರಿಸಿನ ಕೆಂಪಿನತ್ತ ಸಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವ ನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಹಳದಿ ಹಳದಿಯಾಗಿಯೇ ಉಳಿಯಬೇಕಾದರೆ ನಿಂಬೆರಸ ಬಿಡುವಂತಿಲ್ಲ.

ಕುಕೀಯ ವಿಷಯದಲ್ಲಿ ಚರಿತ್ರೆ ಒಂದು ಪಾಠ ಹೇಳುತ್ತದೆ. ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್‌ನಲ್ಲಿ ಕೊರಳಿಗೆ ಹಾಕಿಕೊಳ್ಳುವ ಲೇಬ್‌ಕೂಖೆನ್ ಎಂಬ ಹೃದಯಾಕಾರದ ಕುಕೀಗಳ ಮೇಲೂ ಸಕ್ಕರೆಯ ಅಕ್ಷರಗಳಿರುತ್ತವೆ. ಉತ್ತರ ಕ್ರೊಯೇಷಿಯಾದ ಇಂಥದೇ ಕಸುಬನ್ನು ಯುನೆಸ್ಕೊ 2010ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಲೇಬ್‌ಕೂಖೆನ್ ಜೇನು, ಸಿರಪ್‌ನ ಹಿಟ್ಟು. ಬೆಣ್ಣೆ ಬಹುಮಟ್ಟಿಗೆ ಇಲ್ಲ. ಅಮೆರಿಕದ ಕುಕೀ ಬೆಣ್ಣೆಯ ಮೇಲೆಯೇ ನಿಂತಿದೆ. ಬೆಣ್ಣೆ 32ರಿಂದ 35 ಡಿಗ್ರಿಯಲ್ಲಿ ಕರಗುವುದರಿಂದ, ಬಿಸಿ ಆರದ ಕುಕೀಗೆ ಐಸಿಂಗ್ ಹಾಕಿದರೆ ಜಿಡ್ಡು ಮೇಲೇರಿ ಹಳದಿ ಕಲೆಗಳಾಗಿ ಕಾಣುತ್ತದೆ. ಪೂರ್ತಿ ತಣಿಯುವವರೆಗೆ ಕಾಯಲೇಬೇಕು. ಹಿಟ್ಟಿಗೆ ಬೇಕಿಂಗ್ ಪೌಡರ್ ಹಾಕದಿದ್ದರೆ ಎಲೆಯ ಅಂಚೂ ಉಬ್ಬದೆ ನಿಲ್ಲುತ್ತದೆ.

ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದಾದ್ದರಿಂದ ಪಾಶ್ಚರೀಕರಿಸಿದ ಬಿಳಿಭಾಗ ಅಥವಾ ಮೆರಿಂಗ್ ಪುಡಿ ಬಳಸುವುದು ಕ್ಷೇಮ. ಮೊಟ್ಟೆ ತಿನ್ನದ ಮನೆಗಳಿಗೂ ದಾರಿಯಿದೆ. ಶರತ್ಕಾಲದಲ್ಲೇ ನವರಾತ್ರಿ ಬರುವುದರಿಂದ ಹೊರದೇಶದ ಕನ್ನಡಿಗರಿಗೆ ಇದು ಉಪಯೋಗಕ್ಕೆ ಬಂದೀತು. ಕಾಬೂಲಿ ಕಡಲೆ ಬೇಯಿಸಿದ ಕಟ್ಟು ಮೊಟ್ಟೆಯ ಬಿಳಿಯಂತೆ ನೊರೆಗಟ್ಟುತ್ತದೆಂದು 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ತೋರಿಸಿದರು. ಸಾರಿಗೆ ಬಸಿಯುವ ಅದೇ ಕಟ್ಟನ್ನು ಉಪ್ಪು ಹಾಕದೆ ತೆಗೆದು, ಮಂದವಾಗುವವರೆಗೆ ಕುದಿಸಿ ಇಂಗಿಸಿ, ತಣಿಸಿ ಸಕ್ಕರೆಪುಡಿ ಸೇರಿಸಿದರೆ ಐಸಿಂಗ್ ಸಿದ್ಧ. ಮೊಟ್ಟೆಯದರಷ್ಟು ಗಟ್ಟಿಯಾಗದು, ಆರಲೂ ಹೆಚ್ಚು ಹೊತ್ತು ಬೇಕು. ಕುಕೀಗಳನ್ನು ಒಂದರ ಮೇಲೊಂದು ಜೋಡಿಸುವ ಮುನ್ನ ಇಡೀ ಒಂದು ದಿನ ಹರವಿ ಬಿಡಬೇಕು.