ನರ್ಸಿಂಗ್ ಹೋಮ್‌ಗೆ ಸೇರಿಸೋ ಮುಂಚೆ ಏನೇನು ನೋಡಬೇಕು? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರಿಗೆ ಮಾಹಿತಿ

ಕೋಲಾರ: ಹೆರಿಗೆ, ಅಪೆಂಡಿಕ್ಸ್, ಹರ್ನಿಯಾ, ಗರ್ಭಕೋಶದ ಆಪರೇಷನ್, ಡೆಂಗಿ ಜ್ವರಕ್ಕೆ ನಾಲ್ಕು ದಿನ ಡ್ರಿಪ್. ಇಂಥದ್ದು ಯಾವುದೇ ಬಂದರೂ ನಮ್ಮ ಜಿಲ್ಲೆಯ ಜನ ಮೊದಲು ಹೋಗೋದು ಊರಿನ ನರ್ಸಿಂಗ್ ಹೋಮ್‌ಗೆ. ಹತ್ತಿಪ್ಪತ್ತು ಹಾಸಿಗೆ, ಒಬ್ಬರೋ ಇಬ್ಬರೋ ಡಾಕ್ಟರು, ಕೆಳಗೆ ಮೆಡಿಕಲ್ ಸ್ಟೋರು. ಯಾವುದಕ್ಕೆ ಹೋಗಬೇಕು ಅನ್ನೋದನ್ನ ಸಾಮಾನ್ಯವಾಗಿ ಪಕ್ಕದ ಮನೆಯವರು, ಆಟೋದವರು ಅಥವಾ ಊರಲ್ಲಿ ಇಂಜೆಕ್ಷನ್ ಕೊಡೋ ಪರಿಚಯದವರು ತೀರ್ಮಾನ ಮಾಡ್ತಾರೆ. ಆ ಮಾತನ್ನ ಕೇಳಬಾರದು ಅಂತಲ್ಲ. ಆದರೆ ಅದರ ಜೊತೆ ನೀವೇ ಕಣ್ಣಾರೆ ನೋಡಿ ತಿಳಿಯಬಹುದಾದ ವಿಷಯಗಳು ಬಹಳಷ್ಟಿವೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಮೊಬೈಲಿನಲ್ಲಿ ‘ನರ್ಸಿಂಗ್ ಹೋಮ್ ಗುಣಮಟ್ಟ’ ಅಂತ ಹುಡುಕಿದರೆ ಅಮೆರಿಕದ ಪುಟಗಳೇ ಜಾಸ್ತಿ ಬರುತ್ತವೆ. ಅಲ್ಲಿ ಆ ಹೆಸರು ವಯಸ್ಸಾದವರನ್ನ ಇಟ್ಟು ನೋಡಿಕೊಳ್ಳೋ ಜಾಗಕ್ಕೆ. ನಮ್ಮಲ್ಲಿ ಅದು ಸಣ್ಣ ಖಾಸಗಿ ಆಸ್ಪತ್ರೆ. ಆ ಲೆಕ್ಕ ಇಲ್ಲಿಗೆ ಹೊಂದೋದಿಲ್ಲ.

ಬಾಗಿಲಲ್ಲೇ ಕಾಣುವ ಬೋರ್ಡ್

ಕರ್ನಾಟಕದಲ್ಲಿ ಯಾವುದೇ ಖಾಸಗಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್ ನಡೆಸಬೇಕಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಎಲ್ಲರೂ ‘ಕೆಪಿಎಂಇ’ ಅನ್ನೋ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. ನೋಂದಣಿ ಕೊಡೋದು ಜಿಲ್ಲಾ ಮಟ್ಟದ ಪ್ರಾಧಿಕಾರ. ಅದಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಸದಸ್ಯ ಕಾರ್ಯದರ್ಶಿ. ನೋಂದಣಿಗೆ ಐದು ವರ್ಷದ ಅವಧಿ, ಆಮೇಲೆ ನವೀಕರಣ ಆಗಬೇಕು. 2024ರಲ್ಲಿ ಆರೋಗ್ಯ ಇಲಾಖೆ ಆಸ್ಪತ್ರೆ ಹೆಸರು, ಮಾಲೀಕರ ಹೆಸರು, ಕೆಪಿಎಂಇ ನಂಬರ್ ಇರೋ ಬೋರ್ಡನ್ನ ಮುಂಬಾಗಿಲಲ್ಲೇ ಹಾಕಬೇಕು ಅಂತ ಸೂಚಿಸಿತು. ಅಲೋಪತಿಗೆ ನೀಲಿ ಬಣ್ಣ, ಆಯುರ್ವೇದಕ್ಕೆ ಹಸಿರು. ಓದು ಬರಹ ಕಡಿಮೆ ಇರುವವರಿಗೂ ಬಣ್ಣ ನೋಡಿದರೆ ಗೊತ್ತಾಗಲಿ ಅಂತ.

ಬೋರ್ಡಿನಲ್ಲಿ ನಂಬರ್ ಇದ್ದರೆ ಸಾಕಾಗೋದಿಲ್ಲ. ನೋಂದಣಿ ಪತ್ರ ಕೌಂಟರ್ ಹತ್ತಿರ ತೂಗು ಹಾಕಿರ್ತಾರೆ. ಅದರಲ್ಲಿ ಅವಧಿ ಮುಗಿಯೋ ದಿನಾಂಕ, ಎಷ್ಟು ಹಾಸಿಗೆಗೆ ಅನುಮತಿ ಅನ್ನೋದನ್ನ ಓದಿ. ಇದು ಬರೀ ಕಾಗದದ ಮಾತಲ್ಲ. 2024ರ ಮೇ 25ರ ರಾತ್ರಿ ದೆಹಲಿಯ ವಿವೇಕ್ ವಿಹಾರದ ಮಕ್ಕಳ ಆಸ್ಪತ್ರೆಯೊಂದಕ್ಕೆ ಬೆಂಕಿ ಬಿದ್ದು ಹಸುಗೂಸುಗಳು ಸತ್ತವು. ತನಿಖೆಯಲ್ಲಿ ಗೊತ್ತಾಗಿದ್ದು ಏನೆಂದರೆ, ಆಸ್ಪತ್ರೆಯ ಲೈಸೆನ್ಸ್ ಮಾರ್ಚ್ 31ಕ್ಕೇ ಮುಗಿದಿತ್ತು. ಅನುಮತಿ ಇದ್ದದ್ದು 5 ಹಾಸಿಗೆಗೆ, ಒಳಗಿದ್ದದ್ದು 12 ಮಕ್ಕಳು.

ಸ್ಕ್ಯಾನಿಂಗ್ ರೂಮ್ ಇದ್ದರೆ ಅದಕ್ಕೆ ಬೇರೆಯೇ ನೋಂದಣಿ ಪತ್ರ ಇರಬೇಕು, ಭ್ರೂಣಲಿಂಗ ಪತ್ತೆ ಮಾಡೋದಿಲ್ಲ ಅನ್ನೋ ಬೋರ್ಡ್ ಕನ್ನಡದಲ್ಲೂ ಇರಬೇಕು. ದರಪಟ್ಟಿಯನ್ನೂ ಕಾಣುವಂತೆ ಹಾಕಬೇಕು ಅಂತ ಕೆಪಿಎಂಇ ಕಾಯ್ದೆಯೇ ಹೇಳುತ್ತದೆ. ಕೆಲವು ಕಡೆ ಈ ಪಟ್ಟಿ ದೇವರ ಕ್ಯಾಲೆಂಡರ್ ಹಿಂದೆ ಇರುತ್ತೆ, ಕೇಳಿ ತೆಗೆಸಿ ನೋಡಿ.

ರಾತ್ರಿ ಹನ್ನೊಂದಕ್ಕೆ ಯಾರು ಇರ್ತಾರೆ?

ನಮ್ಮ ಕಡೆ ನರ್ಸಿಂಗ್ ಹೋಮ್‌ಗಳ ಬಗ್ಗೆ ಕೇಳಬೇಕಾದ ಅತಿ ಮುಖ್ಯ ಪ್ರಶ್ನೆ ಇದೇ. ಬೋರ್ಡಿನಲ್ಲಿ ಎಂಟು ಸ್ಪೆಷಲಿಸ್ಟ್‌ಗಳ ಹೆಸರಿದ್ದರೂ ಅದರಲ್ಲಿ ಹೆಚ್ಚಿನವರು ವಾರಕ್ಕೆ ಒಂದೋ ಎರಡೋ ದಿನ ಬೆಂಗಳೂರಿನಿಂದಲೋ ಕೋಲಾರದಿಂದಲೋ ಬಂದು ಹೋಗೋರು. ಅದರಲ್ಲಿ ತಪ್ಪೇನೂ ಇಲ್ಲ, ಸಣ್ಣ ಊರಿನಲ್ಲಿ ಬೇರೆ ದಾರಿಯೂ ಇಲ್ಲ. ಆದರೆ ಆಪರೇಷನ್ ಮಾಡಿದ ಸರ್ಜನ್ ಸಂಜೆ ಕಾರು ಹತ್ತಿದ ಮೇಲೆ ರೋಗಿಯನ್ನ ನೋಡಿಕೊಳ್ಳೋ ಡಾಕ್ಟರ್ ಯಾರು? ಅವರು ಎಂಬಿಬಿಎಸ್ ಓದಿದವರಾ, ಬಿಎಎಂಎಸ್ ಅಥವಾ ಬಿಎಚ್‌ಎಂಎಸ್ ಓದಿದವರಾ? ಆಸ್ಪತ್ರೆಯಲ್ಲೇ ಮಲಗ್ತಾರಾ, ಫೋನ್ ಮಾಡಿದರೆ ಬರ್ತಾರಾ? ಇದನ್ನ ಕೌಂಟರ್‌ನಲ್ಲಿ ಕೇಳೋದಕ್ಕಿಂತ ಒಂದು ಸಲ ರಾತ್ರಿ ಹೋಗಿ ನೋಡೋದು ವಾಸಿ. ಆಪರೇಷನ್‌ಗೆ ದಿನ ಗೊತ್ತಾಗಿದೆ ಅಂದರೆ ಸಮಯ ಇದೆ ಅಂತಲೇ ಅರ್ಥ. ಹತ್ತು ಗಂಟೆ ಮೇಲೆ ಹೋಗಿ ಅಲ್ಲಿರೋ ರೋಗಿಗಳ ಕಡೆಯವರನ್ನ ಮಾತಾಡಿಸಿ. ಅವರು ಹೇಳೋದನ್ನ ಯಾವ ಜಾಹೀರಾತೂ ಹೇಳೋದಿಲ್ಲ.

ಡಾಕ್ಟರ ಹೆಸರಿನ ಪಕ್ಕ ನೋಂದಣಿ ಸಂಖ್ಯೆ ಇರುತ್ತೆ, ಚೀಟಿಯಲ್ಲೂ ಇರಬೇಕು. ಅದನ್ನ ಕರ್ನಾಟಕ ವೈದ್ಯಕೀಯ ಪರಿಷತ್ತಿನ ವೆಬ್‌ಸೈಟ್‌ನಲ್ಲಿ ಹಾಕಿ ನೋಡಬಹುದು. ನರ್ಸ್‌ಗಳ ವಿಷಯದಲ್ಲಿ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಆಗಿದೆಯಾ ಅಂತ ಕೇಳಿ. ಬಿಳಿ ಬಟ್ಟೆ ಹಾಕಿದವರೆಲ್ಲ ನರ್ಸ್ ಅಲ್ಲ ಅನ್ನೋದು ಎಲ್ಲರಿಗೂ ಗೊತ್ತು, ಆದರೂ ಡ್ರಿಪ್ ಹಾಕೋಕೆ ಬಂದಾಗ ಯಾರೂ ಕೇಳೋದಿಲ್ಲ.

ಹೆರಿಗೆಗೆ ಸೇರಿಸುವವರು ಗಮನಿಸಿ

ಹೆರಿಗೆ ಅಂದರೆ ಎಲ್ಲ ಸರಿಯಾಗಿರೋ ಕೇಸ್ ಕೂಡ ಅರ್ಧ ಗಂಟೆಯಲ್ಲಿ ಕೈ ತಪ್ಪಬಹುದು. ಹೆರಿಗೆ ಆದ ಮೇಲೆ ನಿಲ್ಲದ ರಕ್ತಸ್ರಾವ ಬಾಣಂತಿಯರ ಸಾವಿಗೆ ದೊಡ್ಡ ಕಾರಣ. ಹಾಗಾಗಿ ‘ರಕ್ತ ಎಲ್ಲಿಂದ ತರ್ತೀರ?’ ಅಂತ ಎಂಟನೇ ತಿಂಗಳಲ್ಲೇ ಕೇಳಿ. ತಾಲ್ಲೂಕು ಊರುಗಳಲ್ಲಿ ರಕ್ತ ಕೋಲಾರದಿಂದ ಬರಬೇಕಾದರೆ ಮಾಲೂರಿಗೂ ಮುಳಬಾಗಿಲಿಗೂ ದಾರಿ ಸುಮಾರು 30 ಕಿ.ಮೀ., ಶ್ರೀನಿವಾಸಪುರಕ್ಕೆ ಸುಮಾರು 25. ರಕ್ತ ಹೊಂದಿಸಿ ನೋಡೋ ಸಮಯ ಬೇರೆ. ರಾತ್ರಿ ಹೊತ್ತು ಇದೆಲ್ಲ ಸೇರಿದರೆ ಎಷ್ಟಾಗುತ್ತೆ ನೀವೇ ಲೆಕ್ಕ ಹಾಕಿ. ಗರ್ಭಿಣಿಗೆ ರಕ್ತ ಕಡಿಮೆ ಇದ್ದರೆ, ಬಿಪಿ ಇದ್ದರೆ, ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ, ಅವಳಿ ಮಕ್ಕಳಿದ್ದರೆ ಹತ್ತು ಹಾಸಿಗೆಯ ಜಾಗದ ಬದಲು ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಅಥವಾ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಯಂಥ ದೊಡ್ಡ ಕಡೆ ಮೊದಲೇ ತೋರಿಸಿಟ್ಟಿರೋದು ಒಳ್ಳೆಯದು ಅನ್ನೋದು ನಮ್ಮ ಅಭಿಪ್ರಾಯ. ಕೊನೇ ಗಳಿಗೆಯಲ್ಲಿ ‘ಕೋಲಾರಕ್ಕೆ ಕರ್ಕೊಂಡು ಹೋಗಿ’ ಅನ್ನಿಸಿಕೊಳ್ಳೋದಕ್ಕಿಂತ ಅದು ವಾಸಿ.

ಸಿಸೇರಿಯನ್ ಇದ್ದರೆ ಅರಿವಳಿಕೆ ಡಾಕ್ಟರ್ ಯಾರು ಅಂತ ಹೆಸರು ಕೇಳಿ. ಸರ್ಜನ್ ಹೆಸರು ಎಲ್ಲರೂ ಕೇಳ್ತಾರೆ, ಅರಿವಳಿಕೆ ಕೊಡೋರ ಹೆಸರು ಯಾರೂ ಕೇಳೋದಿಲ್ಲ. ಆಪರೇಷನ್ ನಡೆಯೋವಾಗ ಉಸಿರು, ಬಿಪಿ ಕಾಯೋರು ಅವರೇ. ಹಾಗೆಯೇ ಹುಟ್ಟಿದ ಮಗು ಅಳದಿದ್ದರೆ ನೋಡೋಕೆ ಮಕ್ಕಳ ಡಾಕ್ಟರ್ ಅಲ್ಲೇ ಇರ್ತಾರಾ, ಮಗುವಿಗೆ ವಾರ್ಮರ್ ಇದೆಯಾ ಅಂತಲೂ ಕೇಳಬೇಕು. ಸ್ತ್ರೀರೋಗ ತಜ್ಞರ ಸಂಘ ಫಾಗ್ಸಿ ಖಾಸಗಿ ಹೆರಿಗೆ ಆಸ್ಪತ್ರೆಗಳಿಗೆ 16 ಮಾನದಂಡ ಇಟ್ಟು ‘ಮಾನ್ಯತಾ’ ಅನ್ನೋ ಪ್ರಮಾಣಪತ್ರ ಕೊಡುತ್ತದೆ. ಇದ್ದರೆ ಒಳ್ಳೆಯ ಸೂಚನೆ. ಎನ್‌ಎಬಿಎಚ್ ಪ್ರಮಾಣಪತ್ರ ಇದೆ ಅಂದರೆ ಅದರ ಅವಧಿಯನ್ನೂ ನೋಡಿ.

ಗರ್ಭಕೋಶದ ಆಪರೇಷನ್ ಬಗ್ಗೆ ಒಂದು ಎಚ್ಚರಿಕೆ. ಬಿಳಿಮುಟ್ಟು, ಹೊಟ್ಟೆನೋವು ಅಂತ ಹೋದ ಹೆಂಗಸರಿಗೆ ‘ಬಿಟ್ಟರೆ ಕ್ಯಾನ್ಸರ್ ಆಗುತ್ತೆ’ ಅಂತ ಹೆದರಿಸಿ ಗರ್ಭಕೋಶ ತೆಗೆದ ಪ್ರಕರಣಗಳು ಕಲಬುರಗಿಯಲ್ಲಿ 2015ರ ಹೊತ್ತಿಗೆ ದೊಡ್ಡ ಸುದ್ದಿಯಾಗಿದ್ದವು. ಬೇರೆ ರಾಜ್ಯಗಳಲ್ಲೂ ಇದೇ ಕಥೆ ಸುಪ್ರೀಂ ಕೋರ್ಟ್ ತನಕ ಹೋಯಿತು. 2023ರಲ್ಲಿ ಕೋರ್ಟ್ ಅನಗತ್ಯ ಆಪರೇಷನ್ ತಡೆಯೋ ಮಾರ್ಗಸೂಚಿ ಜಾರಿ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ಜೀವಕ್ಕೆ ತಕ್ಷಣ ಅಪಾಯ ಇಲ್ಲದಿದ್ದರೆ, ಅದರಲ್ಲೂ ನಲವತ್ತರ ಒಳಗಿನವರು, ಇನ್ನೊಬ್ಬ ಡಾಕ್ಟರ್ ಹತ್ತಿರ ತೋರಿಸದೆ ಒಪ್ಪಬೇಡಿ. ಎಸ್‌ಎನ್‌ಆರ್‌ನಲ್ಲಿ ಸ್ತ್ರೀರೋಗ ತಜ್ಞರಿದ್ದಾರೆ.

ಕಟ್ಟಡ, ಬೆಂಕಿ, ಕಸ

ಕೆಳಗೆ ಅಂಗಡಿ, ಮೇಲೆ ಆಸ್ಪತ್ರೆ, ಮಧ್ಯೆ ಕಿರಿದಾದ ಒಂದೇ ಮೆಟ್ಟಿಲು. ಪೇಟೆ ಬೀದಿಗಳಲ್ಲಿ ಇಂಥ ಕಟ್ಟಡ ಸಾಮಾನ್ಯ. ಸ್ಟ್ರೆಚರ್ ಮೇಲೆ ಮಲಗಿದ ಮನುಷ್ಯನನ್ನ ಕರೆಂಟ್ ಹೋದಾಗ ಕೆಳಗೆ ಹೇಗೆ ಇಳಿಸ್ತಾರೆ? ಇಳಿಜಾರು ದಾರಿ ಇದೆಯಾ? ಎರಡನೇ ಬಾಗಿಲು ಇದೆಯಾ, ಇದ್ದರೆ ಅದಕ್ಕೆ ಬೀಗ ಹಾಕಿ ಹಳೇ ಮಂಚ ಜೋಡಿಸಿದ್ದಾರಾ? 2011ರ ಡಿಸೆಂಬರ್‌ನಲ್ಲಿ ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲಿ ಸುಮಾರು 90 ಮಂದಿ ಸತ್ತಾಗ ಹೆಚ್ಚಿನವರ ಪ್ರಾಣ ತೆಗೆದದ್ದು ಹೊಗೆ. ಬೆಂಕಿ ಶುರುವಾದದ್ದು ನೆಲಮಾಳಿಗೆಯಲ್ಲಿ. ಕೆಂಪು ಸಿಲಿಂಡರ್ ಗೋಡೆಯಲ್ಲಿ ಇದ್ದರೆ ಅದರ ಮೇಲಿನ ಚೀಟಿಯಲ್ಲಿ ಮರುಭರ್ತಿಯ ದಿನಾಂಕ ಇರುತ್ತೆ, ಓದಿ.

ವೈದ್ಯಕೀಯ ಕಸಕ್ಕೆ 2016ರ ನಿಯಮದ ಪ್ರಕಾರ ಹಳದಿ, ಕೆಂಪು, ಬಿಳಿ, ನೀಲಿ ಅಂತ ಬೇರೆ ಬೇರೆ ಡಬ್ಬಿ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್ ಹಳದಿಗೆ. ಡ್ರಿಪ್ ಪೈಪು, ಸೂಜಿ ಇಲ್ಲದ ಸಿರಿಂಜ್ ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಲು ಆಗದ ಬಿಳಿ ಡಬ್ಬಿಗೆ. ಗಾಜಿನ ಸೀಸೆ ನೀಲಿಗೆ. ಕಸವನ್ನ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಸೂಜಿಯೂ ಬಾಳೆಹಣ್ಣಿನ ಸಿಪ್ಪೆಯೂ ಒಂದೇ ಡಬ್ಬಿಯಲ್ಲಿ ಬಿದ್ದಿರೋದು ಕಂಡರೆ, ಒಳಗೆ ಆಪರೇಷನ್ ಥಿಯೇಟರ್ ಹೇಗಿರಬಹುದು ಅನ್ನೋದಕ್ಕೆ ಅದೇ ಗುರುತು. ನೀವು ಥಿಯೇಟರ್ ಒಳಗೆ ಹೋಗೋಕಾಗಲ್ಲ, ಆದರೆ ಡ್ರೆಸ್ಸಿಂಗ್ ಮಾಡೋವಾಗ ನೋಡಬಹುದು. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗೋ ಮುಂಚೆ ಕೈ ತೊಳೀತಾರಾ, ಗ್ಲೌಸ್ ಬದಲಾಯಿಸ್ತಾರಾ? ಸಿರಿಂಜ್ ಕವರ್ ನಿಮ್ಮೆದುರಿಗೇ ಹರೀತಾರಾ?

ಡ್ರಿಪ್ ಬಾಟಲಿಯ ಮೇಲಿನ ಕಂಪನಿ ಹೆಸರು, ಬ್ಯಾಚ್ ನಂಬರ್, ಮುಗಿಯೋ ದಿನಾಂಕದ ಫೋಟೋ ತೆಗೆದಿಟ್ಟುಕೊಳ್ಳಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ.

ಸಹಿ, ದುಡ್ಡು, ಕಾರ್ಡು

ಒಪ್ಪಿಗೆ ಪತ್ರ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತೆ. ಕನ್ನಡದಲ್ಲೋ ತೆಲುಗಿನಲ್ಲೋ ವಿವರಿಸಿ ಅಂತ ಕೇಳೋದು ನಿಮ್ಮ ಹಕ್ಕು. ಖಾಲಿ ಜಾಗ ಬಿಟ್ಟ ಹಾಳೆಗೆ ಸಹಿ, ಹೆಬ್ಬೆಟ್ಟು ಹಾಕಬೇಡಿ. ಒಂದು ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಇಟ್ಟುಕೊಂಡು ದೊಡ್ಡ ಆಪರೇಷನ್ ಮಾಡೋ ಹಾಗಿಲ್ಲ ಅಂತ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಬಿಪಿಎಲ್ ಕಾರ್ಡ್ ಇದ್ದವರು ಮೊದಲು ಕೇಳಬೇಕಾದ್ದು: ಈ ಆಸ್ಪತ್ರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಇದೆಯಾ, ನಮ್ಮ ಈ ಕಾಯಿಲೆಗೆ ಇದೆಯಾ? ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು. ಖಾಸಗಿ ಕಡೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು, ತುರ್ತು ಕೇಸ್‌ಗೆ ಬೇಡ. ಈ ಚೀಟಿ ಇಲ್ಲದೆ ಸೇರಿಸಿ ಆಮೇಲೆ ಕಾರ್ಡ್ ತೋರಿಸಿದರೆ ಕೆಲಸ ಆಗೋದು ಕಷ್ಟ.

ತುರ್ತು ಸ್ಥಿತಿಯಲ್ಲಿ ಮುಂಗಡ ದುಡ್ಡು ಕಟ್ಟಿದರೇ ಮುಟ್ಟೋದು ಅನ್ನೋ ಹಾಗಿಲ್ಲ, ರೋಗಿ ತೀರಿಕೊಂಡರೆ ಬಾಕಿ ಇದೆ ಅಂತ ಶವ ಹಿಡಿದಿಟ್ಟುಕೊಳ್ಳೋ ಹಾಗೂ ಇಲ್ಲ. ಎರಡೂ ಕೆಪಿಎಂಇ ತಿದ್ದುಪಡಿಯಲ್ಲೇ ಬಂದಿವೆ. ಮುಳಬಾಗಿಲು ಕಡೆ ಹೈವೇ ಆಕ್ಸಿಡೆಂಟ್ ಜಾಸ್ತಿ ನೋಡುವವರಿಗೆ ಇನ್ನೊಂದು ಮಾತು: 2025ರ ಮೇನಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದ ತನಕ 1.5 ಲಕ್ಷ ರೂ.ವರೆಗೆ ನಗದುರಹಿತ ಚಿಕಿತ್ಸೆ ಇದೆ.

ಶ್ರೀನಿವಾಸಪುರದ ಕಡೆಯವರು ಮದನಪಲ್ಲಿಗೆ, ಮುಳಬಾಗಿಲಿನವರು ಪಲಮನೇರು–ಚಿತ್ತೂರಿಗೆ, ಮಾಲೂರಿನವರು ಹೊಸೂರಿಗೆ ಹೋಗೋದು ಹೊಸದೇನಲ್ಲ. ಗಡಿ ದಾಟಿದ ಮೇಲೆ ಕೆಪಿಎಂಇ ನಡೆಯೋದಿಲ್ಲ. ಆಂಧ್ರ, ತಮಿಳುನಾಡಿಗೆ ಅವರದ್ದೇ ಕಾಯ್ದೆ, ದೂರು ಕೊಡಬೇಕಾದ್ದೂ ಅಲ್ಲಿಯ ಅಧಿಕಾರಿಗಳಿಗೆ.

ಏನಾದರೂ ಎಡವಟ್ಟಾದರೆ

ಮೊದಲು ಕೇಸ್ ಶೀಟ್ ಕೇಳಿ, ಬರವಣಿಗೆಯಲ್ಲಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ನಡತೆ ನಿಯಮವೇ ಇದೆ. ಬಿಲ್, ರಸೀದಿ, ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ರಿಪೋರ್ಟ್ ಒಂದೂ ಬಿಸಾಡಬೇಡಿ. ಆಸ್ಪತ್ರೆಯ ಮೇಲಿನ ದೂರು ಡಿಎಚ್‌ಒ ಕಚೇರಿಯ ಮೂಲಕ ಜಿಲ್ಲಾ ಪ್ರಾಧಿಕಾರಕ್ಕೆ ಹೋಗುತ್ತೆ. ಡಾಕ್ಟರ ನಡತೆಯ ದೂರು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಎಲ್ಲಿಗೆ ಕೊಡಬೇಕು ಗೊತ್ತಾಗದಿದ್ದರೆ 104ಕ್ಕೆ ಫೋನ್ ಮಾಡಿ. ದೂರು ಕೊಟ್ಟಾಗ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಪರಿಹಾರ ಬೇಕಾದರೆ ಕೋಲಾರದ ಜಿಲ್ಲಾ ಗ್ರಾಹಕರ ಆಯೋಗ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ಕೊಟ್ಟಿದೆ. ನೀವು ಕಟ್ಟಿದ ಮೊತ್ತ 50 ಲಕ್ಷ ರೂ. ತನಕ ಇದ್ದರೆ ಕೇಸ್ ಜಿಲ್ಲೆಯಲ್ಲೇ ನಡೆಯುತ್ತೆ, 5 ಲಕ್ಷದ ತನಕ ಶುಲ್ಕವೇ ಇಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ಹಾಕಬೇಕು. ಗಲಾಟೆ ಮಾಡಿ ಗಾಜು ಒಡೆದರೆ ಕೇಸ್ ನಿಮ್ಮ ಮೇಲೇ ಬೀಳುತ್ತೆ, ನಿಮ್ಮ ದೂರು ಹಿಂದಕ್ಕೆ ಹೋಗುತ್ತೆ.