ಆಪತ್ತಿನ ಪಾಲು: ಹುಬ್ಬಳ್ಳಿಯ ಹಗೇವುಗಳೂ ಬರಗಾಲವೂ

ಸುಖದ ದಿನಗಳಲ್ಲಿ ಆಪತ್ತನ್ನು ನೆನೆಯುವುದು ಅಮಂಗಲವೆಂದು ಕೆಲವರು ತಿಳಿಯುವರು. ಪೂರ್ವಿಕರ ಅಭಿಪ್ರಾಯವು ಹಾಗಿರಲಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು, 1909ರಲ್ಲಿ ಅವರಿಂದಲೇ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಗ್ನಿ, ಉದಕ, ವ್ಯಾಧಿ, ದುರ್ಭಿಕ್ಷ, ಮೂಷಿಕ, ವ್ಯಾಲ, ಸರ್ಪ, ರಾಕ್ಷಸ ಎಂದು ದೈವಿಕವಾದ ಮಹಾಭಯಗಳು ಎಂಟೆಂದು ಎಣಿಸಲಾಗಿದೆ. ಬೆಂಕಿಯ ಭಯಕ್ಕಾಗಿ ಪಟ್ಟಣದ ಮನೆಮನೆಯಲ್ಲಿಯೂ ನೀರಿನ ಕೊಡಗಳು, ಏಣಿ, ಕೊಡಲಿ, ಮೊರ, ಕೊಕ್ಕೆ ಮುಂತಾದುವು ಸಿದ್ಧವಾಗಿರಬೇಕೆಂದೂ, ಇಡದವನು ದಂಡಾರ್ಹನೆಂದೂ ಅಲ್ಲಿ ವಿಧಿಯುಂಟು. ಉಗ್ರಾಣದ ವಿಷಯದಲ್ಲಿ ಹೇಳಿದ ಮಾತು ಇನ್ನೂ ಗಮನಾರ್ಹವಾದುದು: ಸಂಗ್ರಹದಲ್ಲಿ ಅರ್ಧವನ್ನು ಪ್ರಜೆಗಳ ಆಪತ್ತಿಗಾಗಿ ತೆಗೆದಿಟ್ಟು ಉಳಿದರ್ಧವನ್ನು ಮಾತ್ರ ಬಳಸಬೇಕು, ಹೊಸತು ಬಂದಂತೆ ಹಳೆಯದನ್ನು ಬದಲಾಯಿಸುತ್ತಿರಬೇಕು. ಈ ಸೂತ್ರವನ್ನು ಓದದೆಯೇ ಆಚರಿಸಿದವರು ಧಾರವಾಡ ಸೀಮೆಯ ಒಕ್ಕಲಿಗರು. ಅವರ ಉಗ್ರಾಣವು ನೆಲದೊಳಗಿತ್ತು. ಅದರ ಹೆಸರು ಹಗೇವು.

ಹಳೇ ಹುಬ್ಬಳ್ಳಿಯು ಪುರಾತನವಾದ ಊರು. ರಾಯರ ಹುಬ್ಬಳ್ಳಿಯೆಂದೂ ಅದಕ್ಕೆ ಹೆಸರು. ಚಾಲುಕ್ಯರ ಕಾಲದ ಭವಾನಿಶಂಕರ ದೇವಾಲಯವು ಅದರ ಪ್ರಾಚೀನತೆಗೆ ಸಾಕ್ಷಿಯಾಗಿದೆ. ಅರಳೆ, ಬಟ್ಟೆಗಳ ವ್ಯಾಪಾರದಿಂದ ಬೆಳೆದ ಆ ಪೇಟೆಯನ್ನು 1673ರಲ್ಲಿ ಶಿವಾಜಿಯ ಸೈನ್ಯವು ಲೂಟಿ ಮಾಡಿದಾಗ ಇಂಗ್ಲಿಷರ ವಖಾರಿಯೂ ಹಾನಿಗೊಂಡಿತು. ಮುಂದೆ 1727ರಲ್ಲಿ ಬಸಪ್ಪಶೆಟ್ಟರು ಕೋಟೆಯ ಸುತ್ತ ಹೊಸ ಹುಬ್ಬಳ್ಳಿಯನ್ನು ನೆಲೆಗೊಳಿಸಿದರು. ದಂಡುಗಳು ಹಾದು ಹೋಗುವ ಇಂಥ ನಾಡಿನಲ್ಲಿ ಕಾಳನ್ನು ಅಟ್ಟದ ಮೇಲೆ ಇಡುವುದಕ್ಕಿಂತ ನೆಲದಲ್ಲಿ ಹುದುಗಿಸುವುದು ಕ್ಷೇಮಕರವಾಗಿತ್ತು. ಕಳ್ಳನ ಕಣ್ಣಿಗೆ ಅದು ಬೀಳದು. ಮನೆಗೆ ಬೆಂಕಿ ಬಿದ್ದರೂ ಕಾಳು ಉಳಿಯುವುದು.

ಹಗೇವನ್ನು ತೆಗೆಯುವುದೂ ಒಂದು ವಿದ್ಯೆಯೇ. ಎರೆಯ ನೆಲವು ಮಳೆಗೆ ಹಸಿಯಾಗಿ ಬೇಸಗೆಗೆ ಬಿರಿಯುವುದರಿಂದ, ನೀರು ನಿಲ್ಲದ ಗಟ್ಟಿಯಾದ ಗರಸಿನ ನೆಲವನ್ನು ಆರಿಸುತ್ತಿದ್ದರು. ಬಾಯಿ ಒಬ್ಬ ಮನುಷ್ಯನು ಇಳಿಯುವಷ್ಟು ಕಿರಿದು, ಒಡಲು ಗಡಿಗೆಯಂತೆ ವಿಶಾಲ. ಒಳಗೆ ಬೆಂಕಿ ಹಾಕಿ ತೇವವನ್ನು ಹಿಂಗಿಸಿ, ತಳಕ್ಕೂ ಗೋಡೆಗೂ ಒಣಹುಲ್ಲು, ಜೋಳದ ದಂಟುಗಳನ್ನು ಒತ್ತಿ, ಚೆನ್ನಾಗಿ ಒಣಗಿದ ಜೋಳವನ್ನು ಸುರಿದು, ಬಾಯಿಗೆ ಚಪ್ಪಡಿಯನ್ನು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಣ ಕಾಳು ಉಸಿರಾಡುತ್ತ ಅಲ್ಲಿದ್ದ ಆಮ್ಲಜನಕವನ್ನು ತೀರಿಸಿ ಅಂಗಾರಾಮ್ಲ ವಾಯುವನ್ನು ತುಂಬುವುದರಿಂದ ಹುಳುಗಳು ಬದುಕಲಾರವು. ಹೀಗೆ ಜೋಳವು ಹಲವು ವರ್ಷ ಕೆಡದೆ ಉಳಿಯುತ್ತಿತ್ತು. ಆದರೆ ಹುಳುವನ್ನು ಕೊಲ್ಲುವ ವಾಯುವು ಮನುಷ್ಯನನ್ನೂ ಕೊಲ್ಲುವುದು. ಆದುದರಿಂದ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಹು ಹೊತ್ತು ಗಾಳಿಯಾಡಿಸಿ, ದೀಪವನ್ನು ಹಗ್ಗದಿಂದ ಇಳಿಬಿಟ್ಟು, ಅದು ನಂದದಿದ್ದರೆ ಮಾತ್ರ ಇಳಿಯುವುದು ರೂಢಿ.

ಈ ಏರ್ಪಾಡಿಗೆ ಘೋರವಾದ ಪರೀಕ್ಷೆಯು ಧಾತು ಸಂವತ್ಸರದಲ್ಲಿ, ಅಂದರೆ 1876ರಲ್ಲಿ ಒದಗಿತು. ಮುಂಗಾರಿ ಹಿಂಗಾರಿಗಳೆರಡೂ ಕೈಕೊಟ್ಟವು. ಮರುವರ್ಷ ಈಶ್ವರ ಸಂವತ್ಸರದಲ್ಲಿಯೂ ಮಳೆಯು ಬಹಳ ತಡವಾಯಿತು. ಹಗೇವಿದ್ದವನು ಮೊದಲನೆಯ ವರ್ಷವನ್ನು ಹೇಗೋ ದಾಟಿದನು. ಹಗೇವಿಲ್ಲದವನ ಗತಿಯೇನು? ಹುಬ್ಬಳ್ಳಿಯ ನೇಕಾರನಿಗೆ ಹೊಲವಿಲ್ಲ. ಅವನ ಕಣಜವೆಂದರೆ ಮಗ್ಗವೇ. ಜೋಳದ ಬೆಲೆ ಏರಿದಾಗ ಜನರು ಮೊದಲು ಬಿಡುವುದು ಹೊಸ ಬಟ್ಟೆಯನ್ನು. ಹೀಗೆ ಪೇಟೆಯಲ್ಲಿ ಕಾಳು ಇರುವಾಗಲೇ ನೇಕಾರನ ಒಲೆ ಆರಿತು. ಹೊಲದ ಕೂಲಿಯವನ ಸ್ಥಿತಿಯೂ ಅದೇ. ಅಂಥವರು ಸರಕಾರದ ಬರಗಾಲದ ಕಾಮಗಾರಿಗಳಲ್ಲಿ ಕಲ್ಲೊಡೆದು, ಮಣ್ಣು ಹೊತ್ತು ಜೀವ ಹಿಡಿಯಬೇಕಾಯಿತು. 1872ರ ಖಾನೇಸುಮಾರಿಯಲ್ಲಿ ಹತ್ತು ಲಕ್ಷದ ಸಮೀಪಕ್ಕೆ ಇದ್ದ ಧಾರವಾಡ ಜಿಲ್ಲೆಯ ಜನಸಂಖ್ಯೆಯು 1881ರಲ್ಲಿ ಒಂಬತ್ತು ಲಕ್ಷಕ್ಕೂ ಕೆಳಗಿಳಿದಿತ್ತು. ಸತ್ತವರೆಷ್ಟೋ, ಊರು ಬಿಟ್ಟು ಮರಳಿ ಬಾರದವರೆಷ್ಟೋ, ಈ ಎರಡು ಅಂಕಿಗಳ ನಡುವೆ ಅಡಗಿರುವರು.

ಬರವು ತೀರಿದ ಮೇಲೂ ಆಪತ್ತು ತೀರಲಿಲ್ಲ. 1878–79ರಲ್ಲಿ, ಬಹುಧಾನ್ಯವೆಂಬ ಹೆಸರಿನ ಸಂವತ್ಸರದಲ್ಲಿಯೇ, ಇಲಿಗಳ ಹಿಂಡುಗಳು ಈ ಸೀಮೆಯ ನಿಂತ ಪೈರನ್ನು ತಿಂದು ಹಾಕಿದವು. ದುರ್ಭಿಕ್ಷದ ಬಳಿಕ ಮೂಷಿಕಗಳನ್ನು ಎಣಿಸಿದ ಕೌಟಿಲ್ಯನ ಅನುಕ್ರಮವು ಇಲ್ಲಿ ಅಕ್ಷರಶಃ ನಡೆದಂತಾಯಿತು.

ಈ ಮಹಾಕ್ಷಾಮದ ತರುವಾಯ ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯಲ್ಲಿ ನೇಮಕವಾದ ಕ್ಷಾಮ ಆಯೋಗವು 1880ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಬರವು ಮೊದಲು ಕಸಿದುಕೊಳ್ಳುವುದು ಕೂಲಿಯವನ ಮತ್ತು ಕಸಬುದಾರನ ದುಡಿಮೆಯನ್ನು ಎಂಬುದನ್ನು ಅದು ಗುರುತಿಸಿತು. ಅದರ ಫಲವಾಗಿ ಕ್ಷಾಮ ಸಂಹಿತೆಗಳು ಹುಟ್ಟಿದವು. 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಸ್ಥಾಪಿತವಾಗಿ, ಆ ದಶಕದಲ್ಲಿಯೇ ಹುಬ್ಬಳ್ಳಿಗೆ ರೈಲು ಬಂದಿತು. ಅದಕ್ಕೆ ಮುನ್ನ ಎತ್ತಿನ ಬಂಡಿಯೇ ಗತಿ. ಮೇವು ನೀರಿಲ್ಲದ ವರ್ಷದಲ್ಲಿ ಎತ್ತೇ ಇಲ್ಲದಿದ್ದರೆ ಕಾಳು ಬರುವ ಬಗೆಯೆಂತು? ರೈಲು ಈ ಕೊರತೆಯನ್ನು ನೀಗಿತು. ಆದರೆ ಕಾಳನ್ನು ತರುವ ಗಾಡಿಯು ಕಾಳನ್ನು ಒಯ್ಯಲೂಬಲ್ಲದು. ಸುಗ್ಗಿಯಲ್ಲಿಯೇ ಮಾರಿ ಹಣ ಮಾಡಿಕೊಳ್ಳುವುದು ಸುಲಭವಾದ ಮೇಲೆ ಹಗೇವುಗಳು ಕ್ರಮೇಣ ಬರಿದಾದವು.

ಕೌಟಿಲ್ಯನ ವ್ಯಾಧಿಯೂ ಇಲಿಯೂ ಜೊತೆಗೂಡಿ ಬಂದುದು 1898ರ ಪ್ಲೇಗಿನಲ್ಲಿ. ಈ ಆಪತ್ತಿಗೆ ಹಗೇವು ಪ್ರಯೋಜನವಿಲ್ಲ. ಇಲ್ಲಿ ಮನೆಯನ್ನು ಬಿಡುವುದೇ ಸಿದ್ಧತೆ. ಇಲಿ ಬಿದ್ದಿತೆಂದರೆ ಜನರು ಕಾಳುಕಡಿ, ಪಾತ್ರೆ ಪಡಗಗಳನ್ನು ಹೊತ್ತು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುವುದನ್ನು ಕಲಿತರು. ಸತ್ತ ಇಲಿಯನ್ನು ಬಿಟ್ಟ ಚಿಗಟವು ಮನುಷ್ಯನಿಗೆ ರೋಗವನ್ನು ಅಂಟಿಸುವುದೆಂದು ಸಿಮೋನ್ ಎಂಬ ಫ್ರೆಂಚ್ ವೈದ್ಯನು ಕಂಡುಹಿಡಿದುದೂ ಅದೇ 1898ರಲ್ಲಿ. ಅದೇ ವರ್ಷ ಮೇ ತಿಂಗಳಿಂದ ಸೆಪ್ಟೆಂಬರದ ವರೆಗೆ, ಸುಮಾರು 50 ಸಾವಿರ ಜನವಸತಿಯ ಹುಬ್ಬಳ್ಳಿಯಲ್ಲಿ 38 ಸಾವಿರಕ್ಕೂ ಮಿಕ್ಕಿ ಜನರು ಹಾಫ್‌ಕಿನ್ ಪಂಡಿತನು ಮುಂಬಯಿಯಲ್ಲಿ ಸಿದ್ಧಪಡಿಸಿದ ಲಸಿಕೆಯನ್ನು ಹಾಕಿಸಿಕೊಂಡರು. ಸೂಜಿಯ ಭಯವು ಸಾಮಾನ್ಯವಾಗಿದ್ದ ಆ ದಿನಗಳಲ್ಲಿ ಇದು ಅಲ್ಪ ಸಂಗತಿಯಲ್ಲ. ಹಗೇವನ್ನು ಒಬ್ಬನು ತನ್ನ ಮನೆಗಾಗಿಯೇ ತುಂಬಬಹುದು. ಲಸಿಕೆಯಾದರೋ ಕೇರಿಗೆ ಕೇರಿಯೇ ಒಪ್ಪಿಕೊಂಡಾಗ ಊರನ್ನು ಕಾಯುವುದು.

ಈ ಇತಿಹಾಸದಿಂದ ಎರಡು ಸಂಗತಿಗಳು ಸ್ಪಷ್ಟವಾಗುವುವು. ಸಂಗ್ರಹವೆಂಬುದು ಒಮ್ಮೆ ಮಾಡಿ ಮರೆಯುವ ಕಾರ್ಯವಲ್ಲ. ವರ್ಷವರ್ಷವೂ ಹಳೆಯದನ್ನು ತೆಗೆದು ಹೊಸತನ್ನು ತುಂಬುವ ನಿತ್ಯದ ಅಭ್ಯಾಸ. ಎರಡನೆಯದು, ನೆರೆಮನೆಯ ಒಲೆ ಆರಿದ ಮೇಲೆ ತನ್ನ ಮನೆಯ ಹಗೇವೊಂದರಿಂದಲೇ ಯಾರೂ ಕ್ಷೇಮವಾಗಿರಲಾರರು. 2020ರ ಮಾರ್ಚಿಯಲ್ಲಿ ಸೋಂಕಿನ ಭಯದಿಂದ ದೇಶದ ಪೇಟೆಗಳು ಬಾಗಿಲು ಮುಚ್ಚಿದಾಗ ಈ ಎರಡೂ ಪಾಠಗಳು ಮತ್ತೊಮ್ಮೆ ಕಣ್ಣೆದುರಿಗೆ ಬಂದವು: ಉಳ್ಳವರು ಡಬ್ಬಿಗಳಲ್ಲಿ ಎಷ್ಟು ದಿನದ ಕಾಳಿದೆಯೆಂದು ಎಣಿಸಿದರು, ದಿನಗೂಲಿಯವರಿಗೆ ಎಣಿಸಲು ಕಾಳೇ ಇರಲಿಲ್ಲ. ಅರ್ಥಶಾಸ್ತ್ರವು ಅರ್ಧವನ್ನು ತೆಗೆದಿಡಲು ಹೇಳಿದುದು ಉಗ್ರಾಣದ ಒಡೆಯನಿಗಾಗಿ ಅಲ್ಲ, ಪ್ರಜೆಗಳಿಗಾಗಿ. ಮನೆಯ ಸಂಗ್ರಹದಲ್ಲಿ ಆಪತ್ತಿನ ಪಾಲನ್ನು ತೆಗೆದಿಡುವ ಗೃಹಿಣಿಯು ಅದರಲ್ಲಿ ನೆರೆಮನೆಗೆಂದು ಒಂದು ಸೇರನ್ನು ಸೇರಿಸಿಟ್ಟರೆ ಆ ಸೂತ್ರವು ಸಾರ್ಥಕವಾದಂತೆ.